ಜಾಲತಾಣದ ಜಮಾಖರ್ಚು

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಗೌರವದ ಬೆನ್ನಿಗೇ ಒಂದು ಕಷ್ಟವೂ ಅಂಟಿಕೊಂಡು ಬಂದಿದೆ. ಬಿ.ಎ. ಓದುವವನಿಗೆ ತಿಳಿಯದ ವಿಷಯ ಲೋಕದಲ್ಲಿ ಯಾವುದೂ ಇಲ್ಲವೆಂದು ನಮ್ಮ ಮನೆಯವರ ದೃಢವಾದ ನಂಬಿಕೆ. ಕರೆಂಟು ಬಿಲ್ಲು ಹೆಚ್ಚು ಬಂದರೆ ನನ್ನನ್ನು ಕೇಳುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾದರೆ ನನ್ನನ್ನು ಕೇಳುತ್ತಾರೆ. ಅಜ್ಜಿಯ ಮೊಣಕಾಲು ನೋವಿಗೆ ವೈದ್ಯರು ಬರೆದ ಚೀಟಿಯನ್ನೂ ನನ್ನ ಮುಂದೆಯೇ ಹಿಡಿಯುತ್ತಾರೆ. ಆದುದರಿಂದ ಕಳೆದ ವರ್ಷ ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಅಪ್ಪ, "ಮಗಾ, ನಮ್ ಗೊಂಬೆ ಅಂಗ್ಡಿಗೂ ಒಂದು ವೆಬ್‌ಸೈಟ್ ಮಾಡಿಸ್ಬೇಕು. ಎಷ್ಟಾಯ್ತದೆ ಲೆಕ್ಕ ಹಾಕು" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ; ಭಯವಾಯಿತು. ಏಕೆಂದರೆ ಆ ಲೆಕ್ಕ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ.

ನಮ್ಮದು ಚನ್ನಪಟ್ಟಣ. ಅಪ್ಪ ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಬುಗುರಿ, ಗಿಲಕಿ, ಕುಂಕುಮದ ಭರಣಿ, ಎಳೆಯುವ ಬಂಡಿ, ಇವು ನಮ್ಮ ಮನೆಯ ಸರಕು. ನಮ್ಮೂರ ಗೊಂಬೆಗಳಿಗೆ ೨೦೦೫-೦೬ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೆ ನಮ್ಮ ಅನ್ನಕ್ಕೆ ದಾರಿಯಾಗಿದ್ದುದು ಮನ್ನಣೆಯ ಪತ್ರಕ್ಕಿಂತ ಹೆಚ್ಚಾಗಿ ಬೆಂಗಳೂರು-ಮೈಸೂರು ರಸ್ತೆ. ಮೈಸೂರಿಗೆ ಹೋಗುವ ಕಾರು ಕಾಫಿಗೆಂದು ನಿಲ್ಲುತ್ತಿತ್ತು. ಹಿಂದಿನ ಸೀಟಿನ ಮಗು ನಮ್ಮ ಅಂಗಡಿಯತ್ತ ಕೈ ತೋರಿಸಿ ಅಳುತ್ತಿತ್ತು. ತಾಯಿ ಇಳಿದು ಬರುತ್ತಿದ್ದಳು. ಮಗುವಿನ ಅಳುವೇ ನಮ್ಮ ಜಾಹೀರಾತು. ಅದಕ್ಕೆ ನಾವು ಒಂದು ಕಾಸನ್ನೂ ಕೊಟ್ಟಿರಲಿಲ್ಲ.

೨೦೨೩ರ ಮಾರ್ಚ್ ೧೨ರಂದು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ರಸ್ತೆಯನ್ನು ನಾನು ದೂರುವುದಿಲ್ಲ. ಆಸ್ಪತ್ರೆಗೆ ಓಡುವವರಿಗೆ ಅದರ ಬೆಲೆ ಗೊತ್ತು. ಆದರೆ ಕಾರುಗಳು ಊರ ಹೊರಗಿನಿಂದಲೇ ಹೋಗತೊಡಗಿದ ಮೇಲೆ ನಮ್ಮ ಅಂಗಡಿಯ ಮುಂದೆ ಅಳುವ ಮಕ್ಕಳು ಕಡಿಮೆಯಾದರು. ತಿಂಗಳಿಗೆ ೬,೦೦೦ ರೂಪಾಯಿ ಬಾಡಿಗೆ ಮಾತ್ರ ಕಡಿಮೆಯಾಗಲಿಲ್ಲ. ಅಪ್ಪನಿಗೆ ಜಾಲತಾಣದ ಯೋಚನೆ ಬಂದದ್ದು ಹೀಗೆ. ಗಿರಾಕಿ ರಸ್ತೆ ಬದಲಾಯಿಸಿದರೆ ಅಂಗಡಿಯೂ ರಸ್ತೆ ಬದಲಾಯಿಸಬೇಕೆಂಬುದು ಅವರ ವಾದ.

ಆ ವಾದಕ್ಕೆ ಮನೆಯಲ್ಲಿ ಎದುರು ವಾದವೂ ಇತ್ತು. ಅವ್ವ ಮೂರು ವರ್ಷ ಚೀಟಿ ಕಟ್ಟಿ ೬೦,೦೦೦ ರೂಪಾಯಿ ಎತ್ತಿದ್ದಳು. ಅದು ನನ್ನ ಬಿ.ಎಡ್. ಓದಿಗೆಂದು ಇಟ್ಟ ಹಣ. "ಕಾಣ್ದೇ ಇರೋ ಅಂಗ್ಡಿಗೆ ಕಾಣೋ ದುಡ್ಡು ಹಾಕ್ತೀರಾ?" ಎಂದು ಅವಳು ಕೇಳಿದಳು. ಹೀಗೆ ಜಾಲತಾಣದ ಆಯವ್ಯಯ ಬರೆಯುವ ಕೆಲಸ ನನ್ನ ಮೇಲೆ ಬಿದ್ದಾಗ, ಕಾಗದದ ಮೇಲಿದ್ದುದು ನನ್ನದೇ ಮುಂದಿನ ಓದು. ಇದರಿಂದ ನಾನು ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಬರಹದ ಉದ್ದೇಶ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಥದೇ ಒಂದು ಸಣ್ಣ ಕಸುಬಿದೆ. ಇಂದಲ್ಲ ನಾಳೆ ಈ ಪ್ರಶ್ನೆ ಅವರ ತಟ್ಟೆಯ ಮುಂದೆಯೂ ಬರುವುದು.

ಮೊದಲು ಬೆಂಗಳೂರಿನ ಒಂದು ಸಂಸ್ಥೆಗೆ ಫೋನು ಮಾಡಿದೆ. ಅವರು ಅಂದವಾದ ಅಂದಾಜುಪಟ್ಟಿ ಕಳುಹಿಸಿದರು: ೪೫,೦೦೦ ರೂಪಾಯಿ, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಜಿ.ಎಸ್.ಟಿ. ೮,೧೦೦, ಒಟ್ಟು ೫೩,೧೦೦. ಚೀಟಿಯ ಹಣದಲ್ಲಿ ೬,೯೦೦ ಉಳಿಯುತ್ತದೆಂದು ಅಪ್ಪ ಹಿಗ್ಗಿದರು. ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಎರಡನೆಯ ವರ್ಷದಿಂದ ನಿರ್ವಹಣೆಗೆ ವರ್ಷಕ್ಕೆ ೧೫,೦೦೦, ತೆರಿಗೆ ಬೇರೆ. ಅಂದರೆ ವರ್ಷಕ್ಕೆ ೧೭,೭೦೦. ಇನ್ನೊಂದು ಕಡೆಯವರು ತಾವಾಗಿಯೇ ಫೋನು ಮಾಡಿ ೯,೯೯೯ಕ್ಕೆ ಎಲ್ಲವನ್ನೂ ಮಾಡಿಕೊಡುತ್ತೇವೆಂದರು. ಹತ್ತು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಮಾಡಿದ ಅವರ ಔದಾರ್ಯವನ್ನು ಮೆಚ್ಚಿಕೊಂಡು ಕರಾರನ್ನು ತರಿಸಿ ಓದಿದೆ. ಎರಡನೆಯ ವರ್ಷದಿಂದ ವರ್ಷಕ್ಕೆ ೧೪,೦೦೦ ಎಂದಿತ್ತು.

ಅಲ್ಲಿಗೆ ನನಗೊಂದು ವಿಷಯ ಹೊಳೆಯಿತು. ನಾವೆಲ್ಲರೂ ಜಾಲತಾಣವನ್ನು ಮನೆ ಕಟ್ಟಿಸಿದಂತೆ ಎಣಿಸುತ್ತೇವೆ. ಒಮ್ಮೆ ಖರ್ಚು ಮಾಡಿದರೆ ಮುಗಿಯಿತು, ಆಮೇಲೆ ಸುಣ್ಣ ಬಳಿದರೆ ಸಾಕು ಎಂದು. ಅದು ಹಾಗಲ್ಲ. ಅದು ಬಾಡಿಗೆಯ ಅಂಗಡಿ. ಬಾಡಿಗೆ ನಿಂತ ದಿನ ಬಾಗಿಲು ಮುಚ್ಚುತ್ತದೆ. ಆದುದರಿಂದ ಸಣ್ಣ ವ್ಯಾಪಾರಿ ಕೇಳಬೇಕಾದ ಪ್ರಶ್ನೆ 'ಮಾಡಿಸಲು ಎಷ್ಟು?' ಎಂಬುದಲ್ಲ, 'ಮೂರು ವರ್ಷ ನಡೆಸಲು ಎಷ್ಟು, ಮೂರು ವರ್ಷದ ಮೇಲೆ ನನ್ನ ಕೈಯಲ್ಲಿ ಉಳಿಯುವುದೇನು?' ಎಂಬುದು. ಇದೇ ಈ ಬರಹದ ಸಾರ. ಉಳಿದದ್ದೆಲ್ಲ ಅದರ ವಿವರಣೆ.

ಬಾಡಿಗೆಯೆಂದೆನಲ್ಲ, ಅದು ಏತಕ್ಕೆಂದು ಬಿಡಿಸಿ ನೋಡೋಣ. ಮೊದಲನೆಯದು ಹೆಸರು. ಜಾಲದ ಮೇಲಣ ಹೆಸರನ್ನು ಯಾರೂ ಕ್ರಯಕ್ಕೆ ಕೊಳ್ಳಲಾಗದು. ವರ್ಷಗಳ ಲೆಕ್ಕದಲ್ಲಿ ನೋಂದಾಯಿಸಬೇಕು, ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷ. ಅವಧಿ ಮುಗಿದು ನಾವು ಮರೆತರೆ, ಸ್ವಲ್ಪ ಕಾಲ ಕಾದು ಅದನ್ನು ಇತರರಿಗೆ ಬಿಟ್ಟುಕೊಡುತ್ತಾರೆ. 'ಡಾಟ್ ಇನ್' ಎಂದು ಮುಗಿಯುವ ಹೆಸರುಗಳ ದಫ್ತರವನ್ನು ನೋಡಿಕೊಳ್ಳುವುದು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಕನ್ನಡ ಲಿಪಿಯಲ್ಲೇ 'ಭಾರತ' ಎಂದು ಮುಗಿಯುವ ಹೆಸರೂ ಸಿಗುತ್ತದೆ. ಎರಡನೆಯದು ಜಾಗ. ನಮ್ಮ ಚಿತ್ರಗಳೂ ಬರಹವೂ ಯಾವುದೋ ಊರಿನ, ಹಗಲಿರುಳು ಉರಿಯುವ ಕಂಪ್ಯೂಟರಿನಲ್ಲಿ ಕುಳಿತಿರಬೇಕಲ್ಲವೆ? ಅದರ ಬಾಡಿಗೆಗೆ ಹೋಸ್ಟಿಂಗ್ ಎನ್ನುತ್ತಾರೆ. ಮೊದಲ ವರ್ಷಕ್ಕೆ ಅಗ್ಗ, ಎರಡನೆಯ ವರ್ಷದಿಂದ ದುಬಾರಿ ಎಂಬುದು ಈ ವ್ಯಾಪಾರದಲ್ಲಿ ಸಾಮಾನ್ಯ. ಆದುದರಿಂದ ಜಾಹೀರಾತಿನ ದರವನ್ನು ಬಿಟ್ಟು ನವೀಕರಣದ ದರವನ್ನೇ ಬರೆದುಕೊಳ್ಳಬೇಕು. ಮೂರನೆಯದು ಕಟ್ಟುವವನ ಕೂಲಿ. ನಾಲ್ಕನೆಯದು ಆರೈಕೆ: ಹಳೆಯದಾದ ತಂತ್ರಾಂಶವನ್ನು ಹೊಸದು ಮಾಡದೆ ಬಿಟ್ಟರೆ ಕಳ್ಳರಿಗೆ ಕಿಟಕಿ ತೆರೆದಿಟ್ಟಂತೆ.

ಹಣ ಕೊಡಬೇಕಾಗಿಲ್ಲದ ವಸ್ತುಗಳೂ ಕೆಲವಿವೆ. ಇವು ನಮಗೆ ತಿಳಿಯದಿದ್ದರೆ ಅವಕ್ಕೂ ಬೆಲೆ ತೆರುತ್ತೇವೆ. ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಯೋಚಿಸಿದ ವಿಶ್ವವ್ಯಾಪಿ ಜಾಲವನ್ನು, ಅವರು ಕೆಲಸ ಮಾಡುತ್ತಿದ್ದ ಸರ್ನ್ ಸಂಸ್ಥೆ ೧೯೯೩ರ ಏಪ್ರಿಲ್ ೩೦ರಂದು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ೨೦೦೩ರಿಂದಲೂ ಉಚಿತ. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಮೂಡಿಸುವ ಭದ್ರತಾ ಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ೨೦೧೫ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಬಿಟ್ಟಿಯಾಗಿ ಕೊಡುತ್ತಿದೆ. ಮೊದಲ ಸಂಸ್ಥೆಯ ಪಟ್ಟಿಯಲ್ಲಿ ಆ ಪತ್ರಕ್ಕೇ ೪,೦೦೦ ರೂಪಾಯಿ ಹಾಕಿದ್ದರು. ಹಣ ಪಡೆಯುವ ಏರ್ಪಾಡೂ ಹಾಗೆಯೇ. ಕಾರ್ಡಿನ ಪಾವತಿಗೆ ವ್ಯಾಪಾರಿಯಿಂದ ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು ಹಿಡಿಯುತ್ತಾರೆ. ೨೦೧೬ರಲ್ಲಿ ಆರಂಭವಾದ ಯು.ಪಿ.ಐ. ಮೂಲಕ ಗಿರಾಕಿ ನೇರವಾಗಿ ಅಪ್ಪನ ಫೋನಿಗೆ ಕಳುಹಿಸಿದರೆ ಆ ಎರಡು ರೂಪಾಯಿಯೂ ಉಳಿಯುತ್ತದೆ. ದಿನಕ್ಕೆ ನೂರು ಗಿರಾಕಿಗಳು ಬಂದರೆ ಬೇರೆ ಏರ್ಪಾಡು ಬೇಕಾದೀತು. ಆ ದಿನ ಬರಲಿ, ಆಗ ನೋಡೋಣ.

ಇಷ್ಟು ತಿಳಿದ ಮೇಲೆ ನಾನು ಬರೆದ ಆಯವ್ಯಯ ಹೀಗಿತ್ತು. ತೆರಿಗೆಯೂ ಸೇರಿ ಮೂರು ವರ್ಷಕ್ಕೆ ಹೆಸರು, ೨,೪೦೦. ಜಾಗದ ಬಾಡಿಗೆ ವರ್ಷಕ್ಕೆ ೩,೬೦೦ರಂತೆ ೧೦,೮೦೦. ನಮ್ಮ ಬೀದಿಯವನೇ ಆದ, ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗನಿಗೆ ಕಟ್ಟುವ ಕೂಲಿ ೧೨,೦೦೦. ನೆರೆಹೊರೆಯ ದಾಕ್ಷಿಣ್ಯಕ್ಕೆ ಅವನು ಕಡಿಮೆ ತೆಗೆದುಕೊಂಡನು. ಎಲ್ಲರಿಗೂ ಈ ದರ ಸಿಗಲಾರದು. ಚಿತ್ರ ತೆಗೆಯಲು ದೀಪ, ಬಿಳಿಯ ಬಟ್ಟೆ, ಫೋನಿಗೊಂದು ಮುಕ್ಕಾಲಿ, ಇವಕ್ಕೆ ೨,೫೦೦. ಅಂಚೆಗೆ ಕಳುಹಿಸುವ ರಟ್ಟಿನ ಪೆಟ್ಟಿಗೆ, ತೂಕದ ಯಂತ್ರಗಳಿಗೆ ೩,೦೦೦. ಎರಡು ಮತ್ತು ಮೂರನೆಯ ವರ್ಷದ ಆರೈಕೆಗೆ ೬,೦೦೦. ಆಪತ್ತಿಗೆಂದು ೩,೩೦೦. ಒಟ್ಟು ೪೦,೦೦೦. ಮೊದಲ ವರ್ಷ ಕೈಬಿಡುವುದು ೨೩,೫೦೦. ೧೬,೫೦೦ ಮುಂದಿನ ಎರಡು ವರ್ಷಕ್ಕೆ ಅಂಚೆ ಕಚೇರಿಯ ಪುಸ್ತಕದಲ್ಲಿರಬೇಕು. ಮಿಕ್ಕ ೨೦,೦೦೦ ನನ್ನ ಓದಿಗೆ. ಅವ್ವ ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡಳು.

ಉಳಿದ ಎರಡು ಪಟ್ಟಿಗಳನ್ನೂ ಇದೇ ಮೂರು ವರ್ಷದ ತಕ್ಕಡಿಯಲ್ಲಿ ತೂಗಿದೆ. ಚಿತ್ರ ಮತ್ತು ಪೆಟ್ಟಿಗೆಗಳ ಖರ್ಚು ಅವಕ್ಕೂ ತಪ್ಪದು, ಅದು ೫,೫೦೦. ಅದನ್ನು ಸೇರಿಸಿದರೆ ೪೫,೦೦೦ದ ತಾಣ ೯೪,೦೦೦ ಆಗುತ್ತದೆ. ೯,೯೯೯ರ ತಾಣ ೪೩,೪೯೯ ಆಗುತ್ತದೆ. ಇದನ್ನು ಅಪ್ಪನ ಭಾಷೆಗೆ ತಿರುಗಿಸಬೇಕಾಗಿತ್ತು. ಮರ, ಅರಗು, ಕೂಲಿ, ಅಂಚೆ ಎಲ್ಲ ಕಳೆದು ಒಂದು ಪೆಟ್ಟಿಗೆ ಗೊಂಬೆ ಮಾರಿದರೆ ನಮಗೆ ಉಳಿಯುವುದು ಸುಮಾರು ೧೮೦ ರೂಪಾಯಿ. ನಮ್ಮ ೪೦,೦೦೦ವನ್ನು ೩೬ ತಿಂಗಳಿಗೆ ಹಂಚಿದರೆ ತಿಂಗಳಿಗೆ ೧,೧೧೧; ಅಂದರೆ ತಿಂಗಳಿಗೆ ಏಳು ಪೆಟ್ಟಿಗೆ ಹೋದರೆ ತಾಣ ತನ್ನ ಅನ್ನವನ್ನು ತಾನು ದುಡಿಯುತ್ತದೆ. ಅಗ್ಗದ್ದೆಂದು ಕರೆದವರ ತಾಣಕ್ಕೂ ಏಳೇ. ದುಬಾರಿಯ ತಾಣಕ್ಕೆ ಹದಿನೈದು. "ಏಳು ಆಯ್ತದೆ" ಎಂದರು ಅಪ್ಪ. ಸಾವಿರಗಳ ಲೆಕ್ಕಕ್ಕೆ ತಲೆ ಅಲ್ಲಾಡಿಸುತ್ತಿದ್ದವರು ಪೆಟ್ಟಿಗೆಗಳ ಲೆಕ್ಕವನ್ನು ಒಂದು ನಿಮಿಷದಲ್ಲಿ ಹಿಡಿದರು. ಯಾವ ಕಸುಬಿನವರೇ ಆಗಲಿ, ಆಯವ್ಯಯವನ್ನು ತಮ್ಮ ಸರಕಿನ ಎಣಿಕೆಯಲ್ಲಿ ಬರೆದುಕೊಂಡರೆ ಮೋಸ ಹೋಗುವುದು ಕಷ್ಟ.

ಎರಡೂ ಏಳೇ ಪೆಟ್ಟಿಗೆಯಾದರೆ ೯,೯೯೯ರವರನ್ನೇ ಏಕೆ ಹಿಡಿಯಬಾರದು ಎಂದು ನೀವು ಕೇಳಬಹುದು. ಅವರ ಕರಾರಿನ ಪ್ರಕಾರ ಹೆಸರು ಅವರ ಖಾತೆಯಲ್ಲಿ ಇರುತ್ತದೆ; ಅವರನ್ನು ಬಿಟ್ಟರೆ ಪುಟಗಳನ್ನು ಕೊಂಡೊಯ್ಯುವಂತಿಲ್ಲ. ಇದರ ಫಲವೇನೆಂದು ನಮ್ಮ ಸಾಲಿನ ಒಂದು ಅಂಗಡಿಯವರು ಅನುಭವಿಸಿದ್ದಾರೆ. ಅವರ ತಾಣವನ್ನು ಕಟ್ಟಿಕೊಟ್ಟವನು ಹೆಸರನ್ನು ತನ್ನದೇ ಹೆಸರಿನಲ್ಲಿ ನೋಂದಾಯಿಸಿದ್ದ. ಎರಡು ವರ್ಷದ ಮೇಲೆ ಅವನ ಫೋನು ನಿಂತುಹೋಯಿತು, ತಾಣವೂ ನಿಂತುಹೋಯಿತು. ಅಂಗಡಿಯ ಚೀಲಗಳ ಮೇಲೆ ಮಾತ್ರ ಆ ವಿಳಾಸ ಇಂದಿಗೂ ಅಚ್ಚಾಗಿ ಉಳಿದಿದೆ. ಬಾಡಿಗೆಯ ಅಂಗಡಿ ಕೈಬಿಟ್ಟರೂ ಬೋರ್ಡನ್ನು ನಾವು ಹೊತ್ತು ತರುತ್ತೇವಲ್ಲವೆ? ಜಾಲದಲ್ಲಿ ಆ ಬೋರ್ಡು ಎಂದರೆ ಹೆಸರು. ಹೆಸರು ಅಪ್ಪನದೇ ಫೋನು, ಅಪ್ಪನದೇ ಮಿಂಚಂಚೆಯ ಮೇಲೆ ದಾಖಲಾಗಬೇಕು. ಗುಪ್ತಪದ ಮನೆಯ ಪೆಟ್ಟಿಗೆಯಲ್ಲಿರಬೇಕು. ಚಿತ್ರ-ಬರಹಗಳ ಒಂದು ಪ್ರತಿ ನಮ್ಮಲ್ಲಿರಬೇಕು. ಇದಕ್ಕೆ ಖರ್ಚೇನೂ ಇಲ್ಲ. ಕರಾರಿಗೆ ಸಹಿ ಹಾಕುವ ಮುನ್ನ ಕೇಳುವ ಬುದ್ಧಿ ಬೇಕು, ಅಷ್ಟೆ.

ಈ ಮಾತನ್ನು ಗೆಳೆಯರ ಮುಂದೆ ಆಡಿದಾಗ ಒಬ್ಬನು ನಕ್ಕನು: "ಇನ್‌ಸ್ಟಾಗ್ರಾಮು, ವಾಟ್ಸಾಪು ಬಿಟ್ಟಿಯಾಗಿ ಇರುವಾಗ ನಲವತ್ತು ಸಾವಿರವನ್ನು ಯಾವ ಬುದ್ಧಿವಂತ ಸುರಿಯುತ್ತಾನೆ?" ಅವನ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಊರೊಳಗಿನ ಹಿಟ್ಟಿನ ಗಿರಣಿಗೆ, ಇಸ್ತ್ರಿ ಅಂಗಡಿಗೆ ಜಾಲತಾಣ ಬೇಕಾಗಿಲ್ಲ. ಅವರ ಗಿರಾಕಿ ನಡೆದೇ ಬರುತ್ತಾನೆ. ಅಂಥವರು ಈ ಹಣದಲ್ಲಿ ಒಳ್ಳೆಯ ತಕ್ಕಡಿ ಕೊಳ್ಳಲಿ. ನಾವೂ ಆ ಬಿಟ್ಟಿಯ ಜಾಗಗಳನ್ನು ಬಳಸುತ್ತೇವೆ. ಆದರೆ ಅದು ಇನ್ನೊಬ್ಬರ ಜಗಲಿಯ ಮೇಲೆ ಬುಟ್ಟಿ ಇಟ್ಟಂತೆ. ಜಗಲಿಯವರು ಒಳ್ಳೆಯವರೇ ಇರಬಹುದು. ಆದರೂ ಯಾರಿಗೆ ನಮ್ಮ ಬುಟ್ಟಿ ಕಾಣಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ. ರಸ್ತೆ ಒಮ್ಮೆ ನಮ್ಮನ್ನು ಬಿಟ್ಟುಹೋದದ್ದನ್ನು ಕಂಡವರು ನಾವು. ಮತ್ತೊಬ್ಬರ ದಾರಿಯೊಂದನ್ನೇ ನಂಬಿ ಕುಳಿತುಕೊಳ್ಳಲು ಮನಸ್ಸು ಬರುವುದಿಲ್ಲ.

ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅದನ್ನು ಮುಚ್ಚಿಟ್ಟರೆ ಈ ಬರಹ ಜಾಹೀರಾತಾದೀತು. ತರಗತಿಯಲ್ಲಿ ಅವಕಾಶ ವೆಚ್ಚವೆಂಬುದನ್ನು ಓದಿ, ಪರೀಕ್ಷೆಯಲ್ಲಿ ಅದಕ್ಕೆ ಅಂಕವನ್ನೂ ಪಡೆದಿದ್ದೆ. ಆದರೆ ಮನೆಯ ಆಯವ್ಯಯದಲ್ಲಿ ಅವ್ವನ ಹೊತ್ತಿಗೆ ಒಂದು ಕಾಸನ್ನೂ ಬರೆಯಲಿಲ್ಲ. ತಾಣ ತೆರೆದ ಮೇಲೆ ರಾತ್ರಿ ಒಂದು ಗಂಟೆ ಕಾಲ ಅವಳು ಗಿರಾಕಿಗಳಿಗೆ ಉತ್ತರ ಹೇಳುತ್ತಾಳೆ: ಬಣ್ಣ ಮಗುವಿನ ಬಾಯಿಗೆ ಹೋದರೆ ಏನಾಗುತ್ತದೆ, ಹಳದಿ ಆನೆ ಇದೆಯೆ, ಶುಕ್ರವಾರದೊಳಗೆ ತಲಪುತ್ತದೆಯೆ? ಪೆಟ್ಟಿಗೆಗೆ ನೂಲು ಸುತ್ತುವವಳೂ ಅವಳೇ. ಆ ಹೊತ್ತಿನಲ್ಲಿ ಮೊದಲು ಅವಳು ಗಿಲಕಿಗಳಿಗೆ ಕಾಳು ತುಂಬುತ್ತಿದ್ದಳು. ಅವಳ ಕೂಲಿಯನ್ನು ಹಿಡಿದರೆ ಏಳು ಪೆಟ್ಟಿಗೆ ಸಾಲದು. ಇನ್ನೂ ಹಲವು ಬೇಕು. ಸಣ್ಣ ವ್ಯಾಪಾರದ ಲೆಕ್ಕಪುಸ್ತಕಗಳು ಲಾಭ ತೋರಿಸುವುದು ಎಷ್ಟೋ ಸಲ ಹೆಂಗಸರ ದುಡಿಮೆಯನ್ನು ಬರೆಯದೆ ಬಿಟ್ಟದ್ದರಿಂದ ಎಂದು ನನಗೀಗ ಅನ್ನಿಸುತ್ತಿದೆ.

ಫಲವೇನಾಯಿತೆಂದು ಹೇಳಿ ಮುಗಿಸುತ್ತೇನೆ. ಒಂಬತ್ತು ತಿಂಗಳಲ್ಲಿ ತಾಣದ ಮೂಲಕ ೫೨ ಪೆಟ್ಟಿಗೆ ಹೋಗಿವೆ. ನನ್ನ ಲೆಕ್ಕದಂತೆ ೬೩ ಹೋಗಬೇಕಾಗಿತ್ತು. ಅರ್ಧಕ್ಕಿಂತ ಹೆಚ್ಚು ಹೋದದ್ದು ನವರಾತ್ರಿಯ ಮುಂದಿನ ವಾರಗಳಲ್ಲಿ. ಗೊಂಬೆ ಕೂರಿಸುವವರ ಕೃಪೆ. ಆಷಾಢದಲ್ಲಿ ಒಂದೂ ಹೋಗಲಿಲ್ಲ. ಅಂದರೆ ತಾಣ ಇನ್ನೂ ತನ್ನ ಅನ್ನವನ್ನು ಪೂರ್ತಿ ದುಡಿದಿಲ್ಲ. ಆದರೂ ಮನೆಯಲ್ಲಿ ಯಾರಿಗೂ ದಿಗಿಲಾಗಿಲ್ಲ. ಏಕೆಂದರೆ ಬರುವ ವರ್ಷದ ಬಾಡಿಗೆ ಪುಸ್ತಕದಲ್ಲಿದೆ, ನನ್ನ ೨೦,೦೦೦ವೂ ಅದರಲ್ಲಿದೆ. ೫೩,೧೦೦ನ್ನು ಒಂದೇ ದಿನ ಕೊಟ್ಟಿದ್ದರೆ ಈ ಹೊತ್ತಿಗೆ ಬಿ.ಎಡ್. ಮಾತು ನಿಂತಿರುತ್ತಿತ್ತು, ಎರಡನೆಯ ವರ್ಷದ ೧೭,೭೦೦ಕ್ಕೆ ಸಾಲ ಹುಡುಕುತ್ತಿದ್ದೆವು.

ಸಹಪಾಠಿ ಮಿತ್ರರೆ, ನಮ್ಮದು ಕಲಾ ಕಾಲೇಜು. ನಮಗೆ ಯಂತ್ರದ ವಿದ್ಯೆ ಬಾರದು. ಆದರೆ ಈ ಕೆಲಸದಲ್ಲಿ ಯಂತ್ರದ ವಿದ್ಯೆ ಬೇಕಾದದ್ದು ಕಾಲು ಭಾಗ ಮಾತ್ರ. ಕರಾರಿನ ಸಣ್ಣ ಅಕ್ಷರವನ್ನು ಓದುವುದು, ಮೂರು ವರ್ಷದ ಲೆಕ್ಕ ಹಾಕುವುದು, ಅರಗು ಎಂದರೇನೆಂದು ಒಂದು ಪುಟದಲ್ಲಿ ಶುದ್ಧವಾದ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯುವುದು, ಇವೆಲ್ಲ ನಾವು ಕಲಿತ ವಿದ್ಯೆಗಳೇ. ಮಗ್ಗದವರ, ಕುಂಬಾರರ, ಹಪ್ಪಳ ಮಾಡುವವರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ತಂತಮ್ಮ ಮನೆಯ ಕಸುಬಿಗೆ ಇಂಥದೊಂದು ಹಾಳೆಯನ್ನು ಬರೆದು ತಂದೆತಾಯಿಗಳ ಮುಂದಿಡಲು ಒಂದು ಭಾನುವಾರ ಸಾಕು. 'ಬೇಡ' ಎಂದು ತೀರ್ಮಾನವಾದರೂ ಹಾಳೆ ವ್ಯರ್ಥವಾಗದು. ಬೇಡದ ಖರ್ಚನ್ನು ತಪ್ಪಿಸಿದ್ದೂ ಒಂದು ಸಂಪಾದನೆಯೇ. ನನ್ನ ಲೆಕ್ಕದಲ್ಲಿ ಇನ್ನೂ ತಪ್ಪುಗಳಿರಬಹುದು. ಅರ್ಥಶಾಸ್ತ್ರದ ಅಧ್ಯಾಪಕರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರೆ ಆ ಹಾಳೆಯನ್ನು ಮನೆಗೆ ಒಯ್ದು, ಅವ್ವನ ಕೂಲಿಯನ್ನೂ ಸೇರಿಸಿ, ಹೊಸದಾಗಿ ಬರೆಯುತ್ತೇನೆ.